ಖಂಡೇಪೂಜೆಗೆ ಕೂತ ಪಂಪು

"ಬಾಯಿ ತೆಗಿಯೋ ಸೂಳೆಮಗನ, ಕಪ್ಪಿ ತೆಗದಾಂಗ ತೆಗಿ! ಮ್ಯಾಲ ನೋಡು, ಮ್ಯಾಲ! ನನ್ನ ಮಾರಿ ಏನ್ ನೋಡ್ತಿ, ನಿನಗ ಹೆಣ್ಣು ಕೊಡಾಕ ಬಂದೀನೇನ್ ನಾ?"

ಆಳುಗಳನ್ನು ದುಡಿಸುವ ಸಾತಪ್ಪ ಮುಕಾದಮ ಫ್ಯಾಕ್ಟರಿಯ ಸಾಮಾನಿಡುವ ಇಸ್ಟೋರಿನ ಹೊಸ್ತಿಲ ಮೇಲೆ ನಿಂತು ಬೈಯುತ್ತಿದ್ದ. ಹೊಸ್ತಿಲ ಕೆಳಗೆ ಮರೆಪ್ಪ ಮೊಣಕಾಲೂರಿ, ಕತ್ತು ಹಿಂದಕ್ಕೆ ಚೆಲ್ಲಿ, ಎರಡೂ ಕೈಯ ಬೊಗಸೆಯನ್ನು ಗದ್ದಕ್ಕೆ ಹಚ್ಚಿ ಬಾಯಿ ತೆರೆದಿದ್ದ. ಅವನ ಎದೆಯೊಳಗಿಂದ ಹಳೇ ಹಾರ್ಮೋನಿಯಂ ತುಳಿದಂಥ ಸಪ್ಪಳ ಬರುತ್ತಿತ್ತು. ಸಾತಪ್ಪನ ಕೈಯಲ್ಲಿ ದಮ್ಮಿನ ಔಷಧದ ಪುಟ್ಟ ನೀಲಿ ಪಂಪು. ಅದನ್ನು ಅವನು ಮರೆಪ್ಪನ ಬಾಯಿಂದ ಮೊಳದಷ್ಟು ಎತ್ತರಕ್ಕೆ ಹಿಡಿದು ಒತ್ತಿದ. ಫುಸ್ ಎಂದಿತು. ಬಿಳಿ ಹೊಗೆಯಂಥ ಔಷಧ ಹೊರಗೆ ಬಂದು, ಯಾರನ್ನು ಹುಡುಕಿಕೊಂಡು ಬಂದೆ ಎನ್ನುವುದನ್ನೇ ಮರೆತಂತೆ ಅತ್ತಿತ್ತ ನೋಡಿ, ಫರ್ಸಿ ಕಲ್ಲಿನ ಧೂಳಿನೊಳಗೆ ಕೂಡಿ ಹೋಯಿತು. ಮರೆಪ್ಪ ಅದರ ಹಿಂದೆ ಬಾಯಿ ಒಯ್ದ. ನೊಣ ಹಿಡಿಯಲು ಹೋದ ನಾಯಿಯಂತೆ ಅವನ ಹಲ್ಲು ಕಟಕ್ಕೆಂದವು.

"ಸಿಕ್ತೇನೋ?"

"ಇ...ಇಲ್ರಿ."

"ಸಿಗಲಿಲ್ಲಂದ್ರ ನಿನ್ನ ನಸೀಬು. ನಾ ಕೊಟ್ಟೀನಿ. ಏಳು, ಸುತ್ತಿಗಿ ತಗೋ, ನಡಿ."

ಸಾತಪ್ಪನದೂ ಪಾಪ ತಪ್ಪೆನ್ನುವಂತಿಲ್ಲ. ಕೇರಿಯವರಿಗೆ ಮೇಲಿಂದ ಬೊಗಸೆಗೆ ನೀರು ಹೊಯ್ದು ರೂಢಿಯಾದ ಕೈ ಅದು. ಔಷಧವನ್ನೂ ಹಾಗೇ ಹೊಯ್ಯಿತು. ನೀರಾದರೆ ಕೆಳಗೆ ಬೀಳುತ್ತದೆ. ಈ ದರಿದ್ರ ಔಷಧಕ್ಕೆ ಬೀಳುವುದು ಗೊತ್ತಿರಲಿಲ್ಲ. ಪಂಪಿನ ಬಾಯಿಗೆ ಮರೆಪ್ಪನ ತುಟಿ ತಾಗಿದರೆ ಅದು ಎಂಜಲಾಗುತ್ತಿತ್ತು, ಎಂಜಲಾದದ್ದನ್ನು ಮುಕಾದಮ ಮುಟ್ಟಿ ಇಸ್ಟೋರಿನಲ್ಲಿಡಬೇಕಾಗುತ್ತಿತ್ತು, ಇಸ್ಟೋರಿನಲ್ಲಿ ಸಾವಕಾರರ ಚಹಾದ ಕಪ್ಪುಗಳೂ ಇದ್ದವು. ಹೀಗೆ ಎಲ್ಲದಕ್ಕೂ ಒಂದಕ್ಕೊಂದು ಸಂಬಂಧವಿತ್ತು. ಸಂಬಂಧವಿಲ್ಲದಿದ್ದುದು ಔಷಧಕ್ಕೂ ಮರೆಪ್ಪನ ಎದೆಗೂ ಮಾತ್ರ.

ಈ ಪಂಪು ಬಂದದ್ದೂ ಒಂದು ತಮಾಷೆಯೇ. ವಾಡಿಯಿಂದ ಶಹಾಬಾದಿಗೆ ಹೋಗುವ ದಾರಿಯಲ್ಲಿ ದೇವಿಂದ್ರಪ್ಪ ಸಾವಕಾರರ ಫ್ಯಾಕ್ಟರಿ, ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವುದು. ಮೀಸೆ ಚಿಗುರುವ ಮೊದಲಿನಿಂದ ಮರೆಪ್ಪ ಅಲ್ಲಿ ಕಲ್ಲಿನ ಅಂಚು ಕಡಿಯುತ್ತಿದ್ದ. ಕೇರಿಯ ಗಂಡಸರೆಲ್ಲ ಅದನ್ನೇ ಮಾಡುತ್ತಿದ್ದರು, ಮಾಡುತ್ತ ಕೆಮ್ಮುತ್ತಿದ್ದರು, ಒಂದು ದಿನ ಕೆಮ್ಮುವುದನ್ನು ನಿಲ್ಲಿಸುತ್ತಿದ್ದರು. ಹೋದ ವರ್ಷ ಒಬ್ಬ ಲೇಬರ್ ಸಾಹೇಬ ಜೀಪಿನಲ್ಲಿ ಬಂದು, ಸಾವಕಾರರ ಆಫೀಸಿನಲ್ಲಿ ಚಹಾ, ಭಜಿ ಮುಗಿಸಿ, ಎಲ್ಲ ಬರೋಬರಿ ಅದ ಎಂದು ಹೊರಡುವ ಹೊತ್ತಿಗೆ ಮರೆಪ್ಪ ಉಸಿರು ಸಿಗದೆ ಸರಿಯಾಗಿ ಜೀಪಿನ ಗಾಲಿಯ ಮುಂದೆಯೇ ಬಿದ್ದ. ಬೇರೆ ಕಡೆ ಬಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಜೀಪಿಗೆ ದಾರಿಯಿಲ್ಲದಂತಾಯಿತು. ಸಾಹೇಬ ವಾಚು ನೋಡಿಕೊಂಡ.

"ಇವನ್ನ ಗುಲಬರ್ಗಾಕ್ಕ ಹಾಕ್ರಿ ಸಾವಕಾರ್ರ. ಇಲ್ಲಾಂದ್ರ ನಾ ಏನರೆ ಬರೀಬೇಕಾಗ್ತದ."

ಸಾವಕಾರರು ಕಲ್ಲಿನ ಲಾರಿಯ ಹಿಂದೆ, ಕಲ್ಲಿನ ಮೇಲೆ ಹಾಕಿ ಕಳಿಸಿದರು. ಗುಲಬರ್ಗಾದ ಡಾಕ್ಟರು ಮರೆಪ್ಪನ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, "ಏನಪಾ, ಎದೀ ಒಳಗ ಫ್ಯಾಕ್ಟರಿ ಇಟ್ಟೀಯೇನು?" ಎಂದರು. ಒಳಗೆ ಕೂತ ಕಲ್ಲಿನ ಪುಡಿ ಹೊರಗೆ ಬರುವುದಿಲ್ಲವೆಂದೂ, ಆದರೆ ಮುಚ್ಚಿಕೊಳ್ಳುವ ಉಸಿರಿನ ದಾರಿಯನ್ನು ಈ ಪಂಪು ತೆರೆಯುತ್ತದೆಂದೂ ಹೇಳಿದರು. ತಾವೇ ಮಾಡಿ ತೋರಿಸಿದರು. "ಛಲೋ ಅಲ್ಲಾಡಸು. ಉಸುರು ಪೂರಾ ಬಿಡು. ಇದರ ಬಾಯಿ ನಿನ್ನ ಬಾಯಾಗ ಇಟ್ಕೊಂಡು ತುಟಿ ಗಟ್ಟಿ ಮುಚ್ಚು. ಒತ್ತಿಕೋತ ನಿಧಾನ ಒಳಗ ಎಳಕೋ. ಎಳಕೊಂಡು ಹಿಡಿ, ಬಿಡಬ್ಯಾಡ. ಆಮ್ಯಾಲ ಬಿಡು. ಇದು ಯಾವಾಗೂ ನಿನ್ನ ಕಿಸೆದಾಗ ಇರಬೇಕು, ತಿಳೀತಿಲ್ಲೋ?"

ಮರೆಪ್ಪನಿಗೆ ತಿಳಿಯಿತು. ಅಂಗಿಗೆ ಕಿಸೆ ಇರಲಿಲ್ಲ, ಅದೇ ಫ್ಯಾಕ್ಟರಿಯಲ್ಲಿ ಬುಟ್ಟಿ ಹೊರುವ ಹೆಂಡತಿ ಭೀಮಬಾಯಿ ಅವತ್ತೇ ಹಳೇ ಕುಪ್ಪಸದ ಬಟ್ಟೆ ಹರಿದು ಒಂದು ಕಿಸೆ ಹೊಲಿದಳು. ಬೆಳಿಗ್ಗೆ ಫ್ಯಾಕ್ಟರಿಗೆ ಹೋದರೆ ಸಾತಪ್ಪ ಆ ಕಿಸೆಗೇ ಕೈ ಚಾಚಿದ, ಮುಟ್ಟದೆ.

"ತೆಗಿ ಹೊರಗ. ರೊಕ್ಕ ಕೊಟ್ಟವ್ರು ಯಾರು? ಸಾವಕಾರ್ರು. ಅಂದ್ರ ಇದು ಫ್ಯಾಕ್ಟರಿ ಸಾಮಾನ. ಇಸ್ಟೋರದಾಗ ಇರತದ. ನೆಲದ ಮ್ಯಾಲ ಇಡು."

ನೆಲದ ಮೇಲಿಟ್ಟ. ಸಾತಪ್ಪ ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಂಡ. ಅಂದಿನಿಂದ ಪಂಪು ಇಸ್ಟೋರಿನಲ್ಲಿ, ಸುತ್ತಿಗೆ ಮತ್ತು ಛೇಣಿಗಳ ಮಗ್ಗುಲಿನ ಮೊಳೆಗೆ ಜೋತುಬಿದ್ದಿತು. ಕಿಸೆಯಲ್ಲಿ ಮರೆಪ್ಪ ತಂಬಾಕಿನ ಚೀಲ ಇಟ್ಟುಕೊಂಡ.

ಭೀಮಬಾಯಿ ಸುಮ್ಮನಿರುವ ಹೆಂಗಸಲ್ಲ. ಗಂಡ ಮನೆಯಲ್ಲಿ ಗೋಡೆಗೆ ಆತು ಕೂತೇ ಬೆಳಗು ಮಾಡುವುದನ್ನು ನೋಡಿ ನೋಡಿ ಸಾವಕಾರರ ಆಫೀಸಿನ ಮೆಟ್ಟಿಲ ಕೆಳಗೆ ಹೋಗಿ ನಿಂತಳು. ಒಳಗೆ ಗೋಡೆಯ ಮೇಲೆ ಬಸವಣ್ಣನ ದೊಡ್ಡ ಫೋಟೋ, ಅದಕ್ಕೆ ಪ್ಲಾಸ್ಟಿಕ್ ಹೂವಿನ ಹಾರ.

"ಧಣೇರ, ನಮ್ಮಾಂವಗ ಮನ್ಯಾಗ ಭಾಳ ದಮ್ಮು ಹತ್ತಲಿಕತ್ತದರಿ. ಸಂಜಿಗಿ ಪಂಪ ಕೊಟ್ಟ ಕಳಸ್ರಿ. ಮುಂಜಾನಿ ತಂದು ಕೊಡ್ತೀವಿ."

ಸಾವಕಾರರು ಕೆಟ್ಟವರಂತೆ ಮಾತಾಡುವವರಲ್ಲ. ಮಗಳಿಗೆ ಹೇಳುವಂತೆ ಹೇಳಿದರು. "ನೋಡು ತಂಗಿ, ಮನ್ಯಾಗ ದಮ್ಮು ಹತ್ತಿದ್ರ ಅದಕ್ಕ ಫ್ಯಾಕ್ಟರಿ ಏನು ಮಾಡಬೇಕು? ಡ್ಯೂಟಿ ಮ್ಯಾಲ ಹತ್ತಿತಂದ್ರ ನಾ ಬೇಕಾದಷ್ಟು ಹೊಡಸ್ತೀನಿ. ಡ್ಯೂಟಿ ಮ್ಯಾಲೇ ಹತ್ತಸ್ಕೋ ಅಂತ ಹೇಳು ಅವಗ."

"ದಮ್ಮು ಏನು ಫ್ಯಾಕ್ಟರಿ ಭೋಂಗಾ ಊದಿದ್ದು ಕೇಳಿ ಬರತದೇನ್ರಿ?"

"ಬಾಯಿ ಭಾಳ ಆತು ನಿಂದು. ನಡಿ, ಬುಟ್ಟಿ ಹೊರು."

ಹಾಗಂತ ಪಂಪು ಸುಮ್ಮನೆ ಕೂತಿರುತ್ತಿರಲಿಲ್ಲ. ಸುಲೇಪೇಟದಿಂದ ಸಾವಕಾರರ ಬೀಗರು ಬಂದಾಗ ಅದು ಹೊರಗೆ ಬರುತ್ತಿತ್ತು. ಬೀಗರಿಗೆ ಪಾಲಿಶ್ ಮಿಶಿನ್ ತೋರಿಸಿ, ಹೊಸ ಬೋರವೆಲ್ ತೋರಿಸಿ, ಆಮೇಲೆ ಮರೆಪ್ಪನನ್ನು ಕರೆಸುತ್ತಿದ್ದರು. "ನಮ್ಮ ಆಳಿಗೆ ಗುಲಬರ್ಗಾದ ಪಂಪ ಕೊಡಸೀನ್ರಿ ಬೀಗರ. ಶಹಾಬಾದದಾಗ ಯಾವನೂ ಕೊಡಸಿಲ್ಲ. ಏ ಮರೆಪ್ಪ, ದಮ್ಮು ಹಚ್ಚಿ ತೋರಸು!" ಆಗ ಮರೆಪ್ಪನಿಗೆ ದಮ್ಮು ಇರುತ್ತಿರಲಿಲ್ಲ. ಇಲ್ಲವೆಂದರೆ ಸಾವಕಾರರ ಮಾರಿ ಸಣ್ಣದಾಗುತ್ತದೆ. ಅವನು ಎದೆ ಹಿಡಿದುಕೊಂಡು ಕಣ್ಣು ಮೇಲೆ ಮಾಡಿ ಎಳೆಯುತ್ತಿದ್ದ, ಸಾತಪ್ಪ ಮೇಲಿಂದ ಫುಸ್ ಎನ್ನಿಸುತ್ತಿದ್ದ, ಬೀಗರು ಹೌದೌದೆನ್ನುತ್ತಿದ್ದರು. ಬೀಗರು ಕಾರು ಹತ್ತಿದ ಮೇಲೆ ಮರೆಪ್ಪನಿಗೆ ಖರೇ ದಮ್ಮು ಹತ್ತುತ್ತಿತ್ತು. "ಈಗ್ಯಾಕಲೇ? ಬೀಗರು ಹ್ವಾದ್ರು, ಬಿಡು ನಾಟಕ," ಎನ್ನುತ್ತಿದ್ದ ಸಾತಪ್ಪ, ಮೊಳೆಗೆ ಪಂಪು ಸಿಗಿಸುತ್ತ.

ಹೀಗೇ ಮಹಾನವಮಿ ಬಂತು. ಖಂಡೇಪೂಜೆ, ದುಡಿಯುವ ಸಾಮಾನಿಗೆಲ್ಲ ಪೂಜೆ. ಕೆಲಸ ಬಂದ್. ಆದರೆ ಕೆಲಸ ಬಂದ್ ಮಾಡುವುದಕ್ಕೂ ಕೆಲಸದವರೇ ಬೇಕು. ಕೇರಿಯವರು ಬೆಳಕು ಹರಿಯುವ ಮೊದಲೇ ಬಂದು ಫ್ಯಾಕ್ಟರಿ ಗುಡಿಸಿದರು. ವರ್ಷದ ಧೂಳು ಎದ್ದು ಹೊತ್ತೇರುವವರೆಗೆ ಸೂರ್ಯ ಯಾರಿಗೂ ಕಾಣಲಿಲ್ಲ. ಮರೆಪ್ಪ ತಾನೇ ಪಾಲಿಶ್ ಮಿಶಿನ್ನಿನ ಕಟ್ಟೆ ಹತ್ತಿ, ಮಿಶಿನ್ ತೊಳೆದು, ಕಟ್ಟೆ ತೊಳೆದು, ಕೆಸರು ಬಳಿದು ಹಾಕಿದ. ಅಷ್ಟರಲ್ಲೇ ಅವನ ಎದೆ ಸೀಟಿ ಹೊಡೆಯಲು ಸುರು ಮಾಡಿತ್ತು. ಆಮೇಲೆ ಕೇರಿಯವರನ್ನೆಲ್ಲ ಕೆಳಗಿಳಿಸಿ, ಕಟ್ಟೆಯ ಮೇಲೆ ಗೋಮೂತ್ರ ಚಿಮುಕಿಸಿ, ಸಾತಪ್ಪ ಜಳಕ ಮಾಡಿ ಹೊಸ ಧೋತರ ಉಟ್ಟು ಸಾಮಾನು ಹೊಂದಿಸಿದ. ಲಕ್ಷ್ಮಿಯ ಫೋಟೋ. ಅದರ ಮುಂದೆ ಸುತ್ತಿಗೆಗಳು, ಛೇಣಿಗಳು, ಹಾರಿಗಳು, ಬುಟ್ಟಿಗಳು, ಮಿಶಿನ್ನಿನ ನಟ್ಟು ಬಿಗಿಯುವ ಪಾನಾ. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂ. ಇಸ್ಟೋರಿನ ಸಾಮಾನೆಲ್ಲ ಬಂದ ಮೇಲೆ ಮೊಳೆಯ ಮೇಲೆ ಒಂದೇ ಉಳಿದಿತ್ತು. ಅದನ್ನೂ ತಂದ. ನೀಲಿ ಪಂಪಿಗೆ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮದ ಬೊಟ್ಟಿಟ್ಟು, ಹೂ ಎಲ್ಲಿ ಇಡಬೇಕೆಂದು ತಿಳಿಯದೆ ಒಂದು ಚೆಂಡುಹೂವಿನ ತೊಟ್ಟನ್ನು ಅದರ ಬಾಯಿಯೊಳಗೇ ತುರುಕಿ ನಿಲ್ಲಿಸಿದ. ನೋಡಲು ಚೆಂದವೇ ಕಾಣಿಸಿತು.

ಪೂಜೆ ಮಾಡಿಸುವ ಅಯ್ಯನವರು, ಚನ್ನಬಸಯ್ಯನವರು, ಬಂದು ಮಂತ್ರ ಹೇಳಿದರು. ಧೂಪ ಹಾಕಿದರು. ಸಾವಕಾರರು ರೇಶ್ಮೆ ಶಲ್ಯ ಹೊದ್ದು ಕಟ್ಟೆಯ ಮೇಲೆ ಕೈ ಮುಗಿದು ನಿಂತಿದ್ದರು. ಧೂಪದ ಹೊಗೆ ತಗಡಿನ ಚಾವಣಿಗೆ ಬಡಿದು, ಹೋಗಲು ಬೇರೆ ಜಾಗ ಇಲ್ಲದೆ, ಕೆಳಗೆ ನಿಂತವರ ಮೇಲೆ ಇಳಿಯಿತು.

ಮರೆಪ್ಪನಿಗೆ ಮೊದಲು ಕೆಮ್ಮು ಬಂತು. ಆಮೇಲೆ ಕೆಮ್ಮಲೂ ಗಾಳಿ ಸಾಲದಾಯಿತು. ಕುತ್ತಿಗೆಯ ನರ ಹಗ್ಗದಂತೆ ಎದ್ದವು, ತುಟಿ ನೇರಳೆಯ ಬಣ್ಣಕ್ಕೆ ತಿರುಗಿತು. ಗಾಳಿ ತುಂಬಿದ ಜಗತ್ತಿನಲ್ಲಿ ಅವನೊಬ್ಬನ ಪಾಲಿಗೆ ಗಾಳಿ ಮುಗಿದಿತ್ತು. ಅವನು ಕಟ್ಟೆಯ ಅಂಚು ಹಿಡಿದು, ಮೊಳದ ದೂರದಲ್ಲಿ ಹೂ ಕಚ್ಚಿಕೊಂಡು ಕೂತ ಪಂಪಿನ ಕಡೆ ಬೆರಳು ಮಾಡಿದ.

"ಸಾತಪ್ಪಣ್ಣಾ... ಪಂ..."

"ಏ ಸುಮ್ನಿರು, ಮಂತ್ರ ನಡದಾವ."

ಭೀಮಬಾಯಿ ಕೂಗಿದಳು. "ಮಾರಿ ನೋಡಲೇ ಅವಂದು, ಮುಕಾದಮ! ಸಾಯ್ಲಿಕತ್ತಾನ! ಪಂಪ ಕೊಡು!"

"ಪೂಜಿಗಿ ಕುಂತ ಸಾಮಾನ ಹ್ಯಾಂಗ ಎತ್ತಬೇಕಬೇ? ನಾಳಿ ಬನ್ನಿ ಮುಡಿಯೋತನಕ ಸುತ್ತಿಗಿ ಮುಟ್ಟತೀಯೇನು ನೀನು? ಇದೂ ಹಂಗೇ."

"ಸುತ್ತಿಗಿ ಇಲ್ಲಂದ್ರ ಯಾರೂ ಸಾಯಂಗಿಲ್ಲೋ ಭಾಡ್ಯಾ!"

ಮಂತ್ರ ನಿಂತಿತು. ಸಾವಕಾರರು ಅಯ್ಯನವರ ಮುಖ ನೋಡಿದರು. ಅಯ್ಯನವರು ಕಣ್ಣು ಮುಚ್ಚಿ ವಿಚಾರ ಮಾಡಿದರು. "ಎತ್ತಾಂಗಿಲ್ರಿ. ಕುಂತ ಸಾಮಾನ ಬನ್ನಿ ಮುಡಿಯೋ ಮೊದಲ ಎತ್ತಿದ್ರ ವರ್ಷಪೂರ್ತಿ ಮಿಶಿನ್ ಕೆಡತಾವ. ನಾ ಹೇಳೋ ಮಾತಲ್ಲ, ಪದ್ಧತಿ."

"ಮತ್ತ ಇಂವ ಸತ್ರ?" ಎಂದರು ಸಾವಕಾರರು.

"ಸತ್ರ ಸೂತಕ ಆಗತದ್ರಿ. ಪೂಜಿ ಅರ್ಧಕ್ಕ ನಿಲ್ಲತದ." ಅಯ್ಯನವರಿಗೂ ತೊಡಕಾಯಿತು.

"ಹಂಗಾರ ಅವನೇ ಮ್ಯಾಲ ಬಂದು, ಎತ್ತಲಾರದಂಗ ಅಲ್ಲೇ ಬಾಯಿ ಹಚ್ಚಲಿ," ಎಂದಳು ಕಲ್ಲು ಹೊರುವ ಲಾಲಮ್ಮ, ಭೀಮಬಾಯಿಯ ಬೆನ್ನ ಹಿಂದಿನಿಂದ.

"ಇಂವ ಕಟ್ಟಿ ಹತ್ತತಾನ?" ಸಾತಪ್ಪ ಹೌಹಾರಿದ.

"ಮುಂಜಾನಿ ಅವನೇ ತೊಳದಾನಲ್ಲೋ ಕಟ್ಟಿ!" ಎಂದಳು ಭೀಮಬಾಯಿ.

"ಮುಂಜಾನಿ ಬ್ಯಾರೆ, ಈಗ ಬ್ಯಾರೆ. ಈಗ ಮಂತ್ರ ಆಗ್ಯಾವ."

ಮರೆಪ್ಪ ಈ ಚರ್ಚೆಯನ್ನು ಕೇಳುತ್ತಲೇ ಮೊಣಕಾಲ ಮೇಲೆ ಕುಸಿದ. ಆಗ ಸಾವಕಾರರಿಗೆ ಹೊಳೆಯಿತು. ಅವರ ಮುಖದಲ್ಲಿ ದಯೆ ಉಕ್ಕಿ ಬಂತು. "ಎತ್ತೋದು ಬ್ಯಾಡ, ಅಂವ ಹತ್ತೋದೂ ಬ್ಯಾಡ. ಸಾತಪ್ಪ, ಪಂಪ ಇದ್ದಲ್ಲೇ ಇರಲಿ, ನೀ ಒಂದು ಬಟ್ಟಿನಿಂದ ಒತ್ತು. ನಾ ಶಲ್ಯದಿಂದ ಗಾಳಿ ಹಾಕಿ ಔಷಧ ಅವನ ಕಡಿ ಕಳಸ್ತೀನಿ. ಹ್ಯಾಂಗ್ರಿ ಅಯ್ಯನೋರ?"

"ಅದಕ್ಕ ಅಡ್ಡಿ ಇಲ್ರಿ," ಎಂದರು ಅಯ್ಯನವರು ಸಮಾಧಾನದಿಂದ.

ಸಾತಪ್ಪ ಬಗ್ಗಿ ಒಂದೇ ಬೆರಳಿನಿಂದ ಒತ್ತಿದ. ಔಷಧ ಚೆಂಡುಹೂವಿನೊಳಗೆ ಫುಸ್ ಎಂದು ಇಂಗಿತು. ಎರಡು ಎಸಳು ಉದುರಿದವು. ಸಾವಕಾರರು ಹೆಗಲ ಮೇಲಿನ ಶಲ್ಯ ತೆಗೆದು, ಎರಡೂ ಕೈಯಿಂದ ಹಿಡಿದು, ರಾಶಿ ತೂರುವವರಂತೆ ಬೀಸತೊಡಗಿದರು. ಔಷಧ ಬರಲಿಲ್ಲ. ಅದರ ಬದಲು ಬುಟ್ಟಿಯಷ್ಟು ಧೂಪದ ಹೊಗೆ ಎದ್ದು ಮರೆಪ್ಪನ ಮೋರೆಗೆ ಬಂದು ಬಡಿಯಿತು.

"ಬಂತೇನೋ ಮರೆಪ್ಪ? ಎಳಕೋ, ಎಳಕೋ! ಇನ್ನೊಮ್ಮಿ ಒತ್ತು ಸಾತಪ್ಪ!"

ಫುಸ್. ಶಲ್ಯ. ಹೊಗೆ. ಸಾವಕಾರರು ಬೆವರಿದ್ದರು. ಜೀವಮಾನದಲ್ಲಿ ಒಬ್ಬ ಆಳಿಗಾಗಿ ಅವರು ಇಷ್ಟು ಮೈ ನೋಯಿಸಿಕೊಂಡದ್ದಿಲ್ಲ.

ಮರೆಪ್ಪನಿಗೆ ಕಣ್ಣು ಕತ್ತಲೆ ಬಂತು. ಕತ್ತಲೆಯ ನಡುವೆ ಒಂದು ನೀಲಿ ಚುಕ್ಕೆ ಮಾತ್ರ ಉಳಿದಿತ್ತು. ಅವನು ಏನನ್ನೂ ತೀರ್ಮಾನ ಮಾಡಲಿಲ್ಲ. ತೀರ್ಮಾನ ಮಾಡಲೂ ಉಸಿರು ಬೇಕು. ಮುಳುಗುವವನ ಕೈ ದಡ ಹಿಡಿಯುವಂತೆ ಅವನ ಕೈ ಕಟ್ಟೆ ಹಿಡಿಯಿತು, ಮೊಣಕಾಲು ಮೇಲೆ ಬಂತು. ಸುತ್ತಿಗೆಗಳು ಖಣಖಣ ಉರುಳಿದವು. ತೆಂಗಿನಕಾಯಿ ಉರುಳಿ ಅಯ್ಯನವರ ಪಾದಕ್ಕೆ ಬಡಿಯಿತು. ಸಾತಪ್ಪ ಹಾವು ಕಂಡವನಂತೆ ಧೋತರ ಎತ್ತಿ ಹಿಂದಕ್ಕೆ ಜಿಗಿದ.

"ಏ! ಏ! ಏ!"

ಮರೆಪ್ಪ ಪಂಪು ಎತ್ತಿದ. ಹೂ ಕಿತ್ತು ಒಗೆದ. ಅದರ ಬಾಯಿಗೂ ಮೆತ್ತಿದ್ದ ಕುಂಕುಮವನ್ನು ಧೋತರದ ತುದಿಯಿಂದ ಒರೆಸಿ, ಉಫ್ ಎನ್ನಲೂ ಉಸಿರಿಲ್ಲದೆ ಕಟ್ಟೆಗೆ ಎರಡು ಸಲ ಕುಟ್ಟಿದ. ಅಲ್ಲಾಡಿಸಿದ. ಎದೆಯಲ್ಲಿ ಉಳಿದಿದ್ದ ಚೂರು ಉಸಿರನ್ನೂ ಹೊರಗೆ ಹಾಕಿದ. ತುಟಿ ಗಟ್ಟಿ ಮುಚ್ಚಿ, ಒತ್ತಿ, ಎಳೆದುಕೊಂಡ. ಔಷಧ ಮೊಟ್ಟಮೊದಲ ಬಾರಿಗೆ ತಾನು ಹೋಗಬೇಕಾದ ಜಾಗಕ್ಕೆ ಹೋಯಿತು.

ಎಳೆದುಕೊಂಡವನು ಹಿಡಿದ. ಬಿಡಲಿಲ್ಲ. ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಲಕ್ಷ್ಮಿಯ ಫೋಟೋದ ಮುಂದೆ ಅಲುಗದೆ ಕೂತ. ಇಡೀ ಫ್ಯಾಕ್ಟರಿಯೇ ಅವನ ಜೊತೆ ಉಸಿರು ಹಿಡಿದಂತಾಯಿತು.

"ಸತ್ನೇನು?" ಎಂದರು ಸಾವಕಾರರು ಮೆಲ್ಲಗೆ.

"ಮೈಮ್ಯಾಗ ಬಂದದೇನು ನೋಡ್ರಿ," ಎಂದರು ಅಯ್ಯನವರು ಇನ್ನೂ ಮೆಲ್ಲಗೆ.

ಮರೆಪ್ಪ ಉಸಿರು ಬಿಟ್ಟ. ಮತ್ತೆ ಅಲ್ಲಾಡಿಸಿ, ಮತ್ತೆ ಒತ್ತಿ, ಮತ್ತೆ ಹಿಡಿದು, ಮತ್ತೆ ಬಿಟ್ಟ. ತುಟಿಯ ನೇರಳೆ ಸ್ವಲ್ಪ ಸ್ವಲ್ಪವೇ ಇಳಿಯಿತು. ಕಣ್ಣು ತೆರೆದ. ಕಟ್ಟೆಯ ಮೇಲಿಂದ ಫ್ಯಾಕ್ಟರಿ ಬೇರೆಯೇ ಕಾಣಿಸುತ್ತಿತ್ತು.

"ಇಳಿಯೋ ಕೆಳಗ ಹಲ್ಕಟ್!" ಸಾವಕಾರರಿಗೆ ಧ್ವನಿ ಮರಳಿ ಬಂದಿತ್ತು. "ಪೂಜಿ ಕೆಡಸಿದಿ! ಎಳಿಯೋ ಸಾತಪ್ಪ ಅವನ್ನ!"

ಸಾತಪ್ಪ ಎರಡು ಹೆಜ್ಜೆ ಬಂದು ನಿಂತ. "ಜಳಕ ಮಾಡೀನ್ರಿ ಸಾವಕಾರ್ರ. ಮುಟ್ಟಿದ್ರ..."

"ಮುಟ್ಟಬ್ಯಾಡ, ಮುಟ್ಟಬ್ಯಾಡ!" ಎಂದರು ಅಯ್ಯನವರು. "ನೀ ಕೆಟ್ರ ಆರತಿ ತಾಟ ಹಿಡಿಯವ್ರು ಯಾರು?"

"ಏ ಲಾಲಮ್ಮ! ನಿಮ್ಮವನೇ ಇದ್ದಾನ, ನೀವೇ ಬಂದು ಇಳಸ್ರಿ!" ಎಂದರು ಸಾವಕಾರರು.

ಲಾಲಮ್ಮ ಸೆರಗು ತಲೆಯ ಮೇಲೆಳೆದುಕೊಂಡು ಬಹಳ ಭಕ್ತಿಯಿಂದ ಹೇಳಿದಳು. "ನಾವು ಕಟ್ಟಿ ಹತ್ತಾಂಗಿಲ್ಲಲ್ರಿ ಧಣೇರ. ಮಂತ್ರ ಆಗ್ಯಾವ."

ಹಿಂದೆ ಯಾರೋ ಕಿಸಕ್ಕೆಂದರು.

ಮರೆಪ್ಪ ಇದನ್ನೆಲ್ಲ ಕೇಳಿದ. ಇಳಿಯಲೆಂದು ಒಂದು ಕಾಲು ಕೆಳಗೆ ಬಿಟ್ಟಿದ್ದವನು ಅದನ್ನು ಮೇಲಕ್ಕೆಳೆದುಕೊಂಡ. ಇಳಿದರೆ ಪಂಪು ಮೊಳೆಗೆ ಹೋಗುತ್ತದೆ. ಅವನು ಉರುಳಿದ ಸುತ್ತಿಗೆಯೊಂದನ್ನು ನೆಟ್ಟಗೆ ಮಾಡಿ ಅದರ ಮಗ್ಗುಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ತಾಟಿನಲ್ಲಿದ್ದ ವಿಭೂತಿಗೆ ಮೂರು ಬೆರಳು ಅದ್ದಿ ಹಣೆಗೆ ಎಳೆದುಕೊಂಡ, ನಡುವೆ ಕುಂಕುಮ ಇಟ್ಟುಕೊಂಡ. ಪಂಪನ್ನು ತೊಡೆಯ ಮೇಲಿಟ್ಟುಕೊಂಡ.

"ಏನ್ ಮಾಡ್ಲಿಕತ್ತೀಯೋ?" ಸಾವಕಾರರ ಕೈಯಿಂದ ಶಲ್ಯ ಜಾರಿತು.

"ಕುಂತೀನ್ರಿ." ಮಾತಿನ ನಡುವೆ ಅವನು ಉಸಿರು ತೆಗೆದುಕೊಂಡ, ನಿಧಾನವಾಗಿ, ತನ್ನದೇ ಎಂಬಂತೆ. "ಈ ಸುತ್ತಿಗಿಗಿಂತ ಮೊದ್ಲಿಂದ ನಾ ಇಲ್ಲಿ ಅದೀನಿ. ಇದಕ್ಕ ಪೂಜಿ ಆಗತದ, ನನಗೂ ಆಗಲಿ. ಕುಂತದ್ದು ನಾಳಿ ಬನ್ನಿ ಮುಡಿಯೋತನಕ ಎತ್ತಾಂಗಿಲ್ಲಲ್ರಿ. ಎತ್ತಬ್ಯಾಡ್ರಿ. ವರ್ಷಪೂರ್ತಿ ಮಿಶಿನ್ ಕೆಡತಾವ."

ಕೈಗಡಿಯಾರ ನೋಡುತ್ತ ಸಾವಕಾರರು ಅಯ್ಯನವರ ಕಡೆ ತಿರುಗಿ ಗೊಣಗಿದರು, "ರಾಹುಕಾಲ ಬರಲಿಕತ್ತದ. ಬಿಡ್ರಿ, ಅವನ್ನ ಇಲ್ಲಂತ ತಿಳಕೊಂಡು ಆರತಿ ಎತ್ರಿ."

"ಎತ್ತಿದ್ರ ಅವಗ ಆಗತದಲ್ರಿ ಆರತಿ! ಸರೀ ನಡುವ ಕುಂತಾನ!"

"ಕಣ್ಣು ಮುಚ್ಚಿ ಎತ್ರಿ!"

ಅಯ್ಯನವರು ಕರ್ಪೂರ ಹಚ್ಚಿದರು. ಅಷ್ಟರಲ್ಲಿ ಭೀಮಬಾಯಿ ಕಟ್ಟೆ ಹತ್ತಿದಳು. ಪೂಜೆಗಿಟ್ಟ ಬುಟ್ಟಿಗಳಲ್ಲಿ ತಾನು ದಿನಾ ಹೊರುವ ಬುಟ್ಟಿ ಹುಡುಕಿ ಅದರ ಹಿಂದೆ ಕೂತಳು. "ನಂದು ಇದು," ಎಂದಳು, ಸಂತೆಯಲ್ಲಿ ಜಾಗ ಹಿಡಿದವಳಂತೆ. ಲಾಲಮ್ಮ ಬಂದಳು. ಕಲ್ಲು ಕಡಿಯುವವರು, ಹೊರುವವರು, ಕೆಮ್ಮುವವರು ಒಬ್ಬೊಬ್ಬರಾಗಿ ಬಂದು ತಂತಮ್ಮ ಹಾರಿ, ಛೇಣಿಗಳ ಮಗ್ಗುಲಲ್ಲಿ ಕೂತರು. ಕಟ್ಟೆ ತುಂಬಿತು. ಲಕ್ಷ್ಮಿಯ ಫೋಟೋ ಕಾಣದಾಯಿತು. ಸಾತಪ್ಪ ಯಾರಿಗೂ ಮೈ ತಾಗದಂತೆ ಸರಿಯುತ್ತ ಸರಿಯುತ್ತ ಕಟ್ಟೆಯಿಂದ ಕೆಳಗೆ ಬಿದ್ದ. ಸಾವಕಾರರೂ ಶಲ್ಯ ಅಲ್ಲೇ ಬಿಟ್ಟು ಕೆಳಗಿಳಿದು ಕೇರಿಯವರು ನಿಲ್ಲುವ ಜಾಗದಲ್ಲಿ ನಿಂತರು.

ಕೂತವರಲ್ಲಿ ಒಬ್ಬನಿಗೆ ಕೆಮ್ಮು ಎದ್ದಿತು. ಮರೆಪ್ಪ ಪಂಪನ್ನು ಅಲ್ಲಾಡಿಸಿ, ಬಾಯಿ ಒರೆಸಿ ಅವನ ಕೈಗಿಟ್ಟ. "ತುಟಿ ಗಟ್ಟಿ ಮುಚ್ಚು," ಎಂದ.

ಚನ್ನಬಸಯ್ಯನವರು ತಾಟು ಹಿಡಿದು ಒಬ್ಬರೇ ನಿಂತಿದ್ದರು. ಎತ್ತುವಂತಿಲ್ಲ, ಇಳಿಸುವಂತಿಲ್ಲ. ಕರ್ಪೂರ ಧಗಧಗ ಉರಿಯುತ್ತಿತ್ತು, ತಾಟಿನ ಹಿತ್ತಾಳೆ ಕಾಯುತ್ತಿತ್ತು.

"ಎತ್ರಿ ಅಯ್ಯನೋರ," ಎಂದಳು ಲಾಲಮ್ಮ. "ಕೈ ಸುಡತದ."